ಅರಗು ಹಚ್ಚಿದ ಅರ್ಮೇನಿಯಾ ಚರ್ಚು

ಚನ್ನಪಟ್ಟಣದಲ್ಲಿ ಹುಟ್ಟಿ ಚನ್ನಪಟ್ಟಣದಲ್ಲೇ ಬೆಳೆದು, ಬೆಂಗಳೂರು ಮೈಸೂರು ಬಿಟ್ಟರೆ ಇನ್ನೊಂದು ಊರನ್ನು ಸರಿಯಾಗಿ ನೋಡಿರದ ನಾನು, ಅರ್ಮೇನಿಯಾ ದೇಶದ ಒಂದು ದೊಡ್ಡ ಚರ್ಚನ್ನು ಕೈಯಾರೆ ಕಟ್ಟಿದ್ದೇನೆ ಅಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಿ. ಒಂದೂವರೆ ಅಡಿ ಎತ್ತರ, ಪೂರ್ತಿ ಹಾಲೆ ಮರದ್ದು. ಅದನ್ನು ಮಾಡುವಾಗ ಆ ದೇಶ ಭೂಪಟದಲ್ಲಿ ಎಲ್ಲಿದೆ ಅಂತಲೂ ನನಗೆ ಗೊತ್ತಿರಲಿಲ್ಲ. ಈಗಲೂ ಬೆರಳಿಟ್ಟು ತೋರಿಸು ಅಂದರೆ ಒಂದು ಗಳಿಗೆ ತಡಕಾಡುತ್ತೇನೆ.

ನಮ್ಮದು ಗೊಂಬೆ ಮಾಡುವ ಮನೆ. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ಅಪ್ಪ, ನಾನು, ಅಪ್ಪನ ಲೇತ್ ಮೆಷಿನ್. ಹೆಣ್ಣುಮಕ್ಕಳು ಗೊಂಬೆ ಜೋಡಿಸಬೇಕು, ಡಬ್ಬಕ್ಕೆ ತುಂಬಬೇಕು, ಉಳಿ ಹಿಡಿದು ಲೇತ್ ಮುಂದೆ ಕೂರಬಾರದು ಅನ್ನುವುದು ನಮ್ಮ ಬೀದಿಯ ಕಟ್ಟಳೆ. ಯಾರು ಮಾಡಿದ ಕಟ್ಟಳೆಯೋ, ಅವರ ಮನೆ ಹಾಳಾಗ! ಅಪ್ಪನ ಕೈ ನಡುಗಲು ಶುರುವಾಗಿ ಚಕ್ರಗಳೆಲ್ಲ ಸೊಟ್ಟಗಾಗತೊಡಗಿದಾಗ ನಾನು ಕೂತೆ. ಒಂದು ವರ್ಷದಲ್ಲಿ ಕೆಲಸ ಕೈಗೆ ಹತ್ತಿತು. ಆದರೆ ಅಪ್ಪ ಅದನ್ನು ಒಮ್ಮೆಯೂ ಬಾಯಿಬಿಟ್ಟು ಒಪ್ಪಿಕೊಳ್ಳಲಿಲ್ಲ. ನಾನು ಮಾಡಿದ್ದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, "ಹ್ಞೂ, ಇರ್ಲಿ" ಅಂದು ಬುಟ್ಟಿಗೆ ಹಾಕುತ್ತಿದ್ದ, ಅಷ್ಟೇ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ಬಿಡದಿ ಕಡೆ, ಹಾರೋಹಳ್ಳಿ ಕಡೆ ನಿನ್ನೆ ರಾಗಿ ಹೊಲ ಇದ್ದ ಜಾಗದಲ್ಲಿ ಇವತ್ತು ತಗಡಿನ ಶೆಡ್ಡು ಎದ್ದು ನಿಂತಿರುತ್ತಿತ್ತು. ಮರಳವಾಡಿ, ಸಾತನೂರು ಕಡೆಯ ಹುಡುಗಿಯರೂ ಟೆಂಪೋ ಹತ್ತಿ ಗಾರ್ಮೆಂಟ್ಸ್ ಕೆಲಸಕ್ಕೆ ಬರುತ್ತಿದ್ದರು. ನಮ್ಮ ಬೀದಿಯ ಹುಡುಗಿಯರೂ ಒಬ್ಬೊಬ್ಬರಾಗಿ ಹೋದರು. ನಾನೂ ಹೋಗಬೇಕು ಅಂತ ಅಪ್ಪನ ಹಟ, ಲೇತ್ ಬಿಟ್ಟು ಏಳುವುದಿಲ್ಲ ಅಂತ ನನ್ನ ಹಟ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಸಂಸಾರ ನಮ್ಮಿಬ್ಬರದು.

ಹೀಗಿರುವಾಗ ನಮ್ಮಿಂದ ಗೊಂಬೆ ಕೊಂಡು ಹೊರದೇಶಕ್ಕೆ ಕಳಿಸುವ ಬೆಂಗಳೂರಿನ ಎಕ್ಸ್‌ಪೋರ್ಟ್ ಸಾಹೇಬರು ಒಂದು ದಿನ ನಾಲ್ಕು ಬಣ್ಣದ ಫೋಟೋ ತಂದು ನಮ್ಮ ಜಗಲಿ ಮೇಲೆ ಹರಡಿದರು. ಎಲ್ಲಾ ಒಂದೇ ಕಟ್ಟಡದವು. ತಿಳಿ ಬಣ್ಣದ ಕಲ್ಲಿನ ದೊಡ್ಡ ದೊಡ್ಡ ಗೋಡೆಗಳು, ಮೇಲೆ ಚೂಪಾದ ಟೊಪ್ಪಿಗೆಯಂಥ ಶಿಖರ. ಗೋಡೆಯ ಮೇಲೆ ಒಂದು ಬೊಂಬೆ ಇಲ್ಲ, ಒಂದು ಬಳ್ಳಿ ಇಲ್ಲ.

"ಇದ್ಯಾವ ಫ್ಯಾಕ್ಟ್ರಿ ಸ್ವಾಮಿ?" ಅಂದ ಅಪ್ಪ. ಆ ಕಾಲದಲ್ಲಿ ನಮ್ಮ ಕಡೆ ಎತ್ತರದ ಬೋಳು ಗೋಡೆ ಕಂಡರೆ ಎಲ್ಲರ ಬಾಯಲ್ಲೂ ಬರುತ್ತಿದ್ದದ್ದು ಅದೇ ಮಾತು.

"ಫ್ಯಾಕ್ಟರಿ ಅಲ್ಲ ಯಜಮಾನ್ರೇ, ಚರ್ಚು. ಅರ್ಮೇನಿಯಾ ಅಂತ ದೇಶ. ಅದರ ರಾಜಧಾನಿಯಲ್ಲಿ ಹೊಸದಾಗಿ ಕಟ್ಟಿದ್ದಾರೆ. ಆ ದೇಶದವರು ಯೇಸುವಿನ ದಾರಿ ಹಿಡಿದು ಸಾವಿರದ ಏಳುನೂರು ವರ್ಷ ಆಯ್ತು ಅಂತ ಅದರ ನೆನಪಿಗೆ ಕಟ್ಟಿದ್ದು."

ಆಮೇಲೆ ವಿಷಯ ಹೇಳಿದರು. ಆರ್ಡರ್ ಕೊಟ್ಟಿದ್ದು ಆ ದೇಶದ ಮೂಲದ ಒಬ್ಬ ಹೆಂಗಸು, ಇನ್ನೆಲ್ಲೋ ಪರದೇಶದಲ್ಲಿ ಇರುವವಳು. ಆಕೆಯ ತಾಯಿಗೆ ಎಂಬತ್ತು ದಾಟಿದೆ, ಎರಡೂ ಕಣ್ಣಿಲ್ಲ. ಮುದುಕಿ ಹುಡುಗಿಯಾಗಿದ್ದಾಗ ಅಲ್ಲಿನ ಸರ್ಕಾರ ಚರ್ಚುಗಳಿಗೆ ಬೀಗ ಜಡಿದಿತ್ತಂತೆ. ಆ ಕಾಲದಲ್ಲೇ ದೇಶ ಬಿಟ್ಟವಳು. ಈಗ ಇಷ್ಟು ದೊಡ್ಡ ಚರ್ಚು ಎದ್ದು ನಿಂತಿದೆ ಅಂತ ಕೇಳಿದಾಗಿನಿಂದ ಅದನ್ನು ನೋಡಬೇಕು ಅಂತ ಹಂಬಲ. ಪ್ರಯಾಣ ಮಾಡಲು ಮೈಯಲ್ಲಿ ಶಕ್ತಿಯಿಲ್ಲ, ಮಾಡಿದರೂ ನೋಡಲು ಕಣ್ಣಿಲ್ಲ. ಮರದಲ್ಲಿ ಮಾಡಿಸಿ ತಾಯಿಯ ಕೈಗಾದರೂ ಕೊಡೋಣ ಅಂತ ಮಗಳ ಆಸೆ. ಬೆಂಗಳೂರಿಗೆ ಬಂದಿದ್ದಾಗ ನಮ್ಮ ಗೊಂಬೆ ಮುಟ್ಟಿ ನೋಡಿದ್ದಳಂತೆ, ಅಷ್ಟು ನುಣುಪು ಇನ್ನೆಲ್ಲೂ ಸಿಗಲಿಲ್ಲವಂತೆ.

"ಮೂರು ವಾರ ಟೈಮು. ಆಗುತ್ತಾ?" ಸಾಹೇಬರು ಅಪ್ಪನನ್ನು ಕೇಳಿದರು.

"ಆಯ್ತದೆ" ಅಂತ ನಾನು ಅಂದುಬಿಟ್ಟೆ. ಅಪ್ಪ ನನ್ನನ್ನು ದುರುಗುಟ್ಟಿಕೊಂಡು ನೋಡಿದ.

ಸಾಹೇಬರು ಹೋದ ಮೇಲೆ ಅಪ್ಪ ಹೇಳಿದ: "ನೋಡು ಮಗಾ, ಗಾರ್ಮೆಂಟ್ಸ್ ಸೂಪರ್‌ವೈಸರ್‌ಗೆ ನಿನ್ನ ಹೆಸ್ರು ಕೊಟ್ಟಿವ್ನಿ. ಈ ಆರ್ಡರ್ ಒಂದು ಪಾಸಾದ್ರೆ ಲೇತ್ ನಿಂದು, ನಾನು ಇನ್ನು ತುಟಿ ಬಿಚ್ಚಾಕಿಲ್ಲ. ಇಲ್ಲ ಅಂದ್ರೆ ಬರೋ ತಿಂಗ್ಳು ಒಂದ್ನೇ ತಾರೀಖು ನೀನು ಬಸ್ ಹತ್ತು. ಒಪ್ಗೆನಾ?"

"ಒಪ್ಗೆ" ಅಂದೆ. ಧೈರ್ಯವಾಗಿಯೇ ಅಂದೆ. ಫೋಟೋಗಳನ್ನು ಕೈಗೆತ್ತಿಕೊಂಡು ಸರಿಯಾಗಿ ನೋಡಿದ ಮೇಲೆ ಗೊತ್ತಾಯಿತು, ಸಿಕ್ಕಿಹಾಕಿಕೊಂಡೆ ಅಂತ.

ಲೇತ್ ತಿರುಗುವ ಯಂತ್ರ. ಅದರ ಮೇಲೆ ಏನಿಟ್ಟರೂ ದುಂಡಗೆ ಬರುತ್ತದೆ. ಬುಗುರಿ, ಗಿಲಕಿ, ರಾಜ ರಾಣಿ, ಎಲ್ಲಾ ದುಂಡಗೆ. ಈ ಚರ್ಚಿನಲ್ಲೋ ನೋಡಿದಲ್ಲೆಲ್ಲ ಮೂಲೆ. ದುಂಡಗಿದೆ ಅಂದುಕೊಂಡ ಶಿಖರವೂ ಕಣ್ಣು ಕಿರಿದು ಮಾಡಿ ನೋಡಿದರೆ ಪಟ್ಟೆ ಪಟ್ಟೆಯಾಗಿ ಮಡಿಸಿದ ಹಾಗಿತ್ತು. ಹಿಂಭಾಗದ ಫೋಟೋ ಒಂದೂ ಇಲ್ಲ. ಹಿಂದೆ ಬಾಗಿಲಿದೆಯೋ, ಗೋಡೆಯಿದೆಯೋ, ಆ ದೇವರಿಗೇ ಗೊತ್ತು. ಆ ದೇವರು ಎಲ್ಲಿದ್ದಾನೆ ಅಂತಲೂ ತಿಳಿಯಲಿಲ್ಲ.

ಯಾಕೆಂದರೆ ಒಳಗಿನ ಫೋಟೋ ನೋಡಿದರೆ ಒಳಗೂ ಬರಿಯ ಕಲ್ಲು. ಮೇಲಿನಿಂದ ಬೆಳಕು ಬಂದು ನೆಲದ ಮೇಲೆ ಬಿದ್ದಿತ್ತು. ಎದುರಿಗೆ ಜಗಲಿಯಂತೆ ಎತ್ತರಿಸಿದ ಒಂದು ಜಾಗ, ಅದರ ಮುಂದೆ ಎಳೆದ ಪರದೆ. ಅಷ್ಟೇ. ನಾನು ಫೋಟೋ ತಿರುಗಾ ಮುರುಗಾ ಮಾಡಿ ನೋಡಿದೆ. ಅಪ್ಪನಿಗೆ ತೋರಿಸಿದೆ.

"ತೆರೆ ಹಾಕವ್ರಲ್ಲ, ಕಾಣಕಿಲ್ವಾ? ಒಳಗೆ ಅಲಂಕಾರ ಆಯ್ತಾ ಐತೆ. ನೈವೇದ್ಯ ಆದ್ಮೇಲೆ ತೆಗೀತಾರೆ" ಅಂದ ಅಪ್ಪ, ತಾನೇ ಆ ಚರ್ಚಿನ ಪೂಜಾರಿ ಅನ್ನುವ ಹಾಗೆ.

ಸಾಹೇಬರು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು: ದೊಡ್ಡ ಚರ್ಚಿನ ಜೊತೆಗೆ ಎರಡು ಚಿಕ್ಕ ಗುಡಿ, ಒಂದು ರಾಜನ ಹೆಸರಿನದು, ಒಂದು ರಾಣಿಯ ಹೆಸರಿನದು. ಒಳಗೆ ಅವರ ಮೊದಲ ಗುರುವಿನ ಅಸ್ಥಿ ಇಟ್ಟಿದ್ದಾರೆ. ಅಸ್ಥಿ ಅಂತ ಓದಿ ಚೀಟಿ ಕೆಳಗಿಟ್ಟೆ. ದೇವರ ಗುಡಿಯೊಳಗೆ ಮೂಳೆಯಾ? ಸೂತಕ ಅಲ್ಲವಾ? ಅದಕ್ಕೂ ಅಪ್ಪನ ಹತ್ತಿರ ಉತ್ತರ ಇತ್ತು. "ಗದ್ದುಗೆ ಇಲ್ವಾ ನಮ್ಮಲ್ಲಿ? ಸ್ವಾಮಿಗೋಳ್ನ ಮಣ್ಣು ಮಾಡಿದ ಜಾಗಕ್ಕೆ ನೀನು ಅಡ್ಡ ಬೀಳಾಕಿಲ್ವಾ? ಗದ್ದುಗೆ ಅಂದ್ಕೊ, ಸುಮ್ನೆ ಕೆಲ್ಸ ಮಾಡು."

ಅಂದುಕೊಂಡೆ. ಆದರೂ ನನ್ನ ಗೊಂದಲ ಬಗೆಹರಿಯಲಿಲ್ಲ. ನಮ್ಮೂರಿನ ಚರ್ಚಿಗೆ ಹೋದರೆ ಏನಾದರೂ ತಿಳಿದೀತು ಅಂತ ಒಂದು ಬೆಳಗ್ಗೆ ಹೋದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟೆ. ಕಸ ಗುಡಿಸುತ್ತಿದ್ದ ಹೆಂಗಸು "ಹಾಕ್ಕೊಂಡೇ ಬಾರವ್ವ" ಅಂದಳು. ಚಪ್ಪಲಿ ಹಾಕಿಕೊಂಡು ದೇವರ ಮುಂದೆ ನಿಂತರೆ ಕಾಲು ಸುಟ್ಟ ಹಾಗಾಗಿ ಮತ್ತೆ ಬಿಟ್ಟೆ. ಫೋಟೋ ತೋರಿಸಿದೆ. ಆಕೆ ಬೆಳಕಿಗೆ ಹಿಡಿದು ನೋಡಿ, "ಇದು ನಮ್ದಲ್ಲ ಕಣವ್ವ. ನಮ್ದ್ರಲ್ಲಿ ಯೇಸಪ್ಪ, ಮಾತೆ, ಎಲ್ಲಾ ಅವ್ರೆ. ಇಲ್ಲಿ ಯಾರೂ ಇಲ್ವಲ್ಲ" ಅಂದಳು. ಅಷ್ಟರಲ್ಲಿ ಬಂದ ಪಾದ್ರಿಗಳು ನಕ್ಕು, "ಅವರು ನಮಗಿಂತ ಹಳಬರಮ್ಮ. ಇಡೀ ದೇಶವೇ ಎಲ್ಲರಿಗಿಂತ ಮೊದಲು ಯೇಸುವನ್ನು ಒಪ್ಪಿಕೊಂಡಿತು ಅಂತ ಹೇಳ್ತಾರೆ" ಅಂದರು. ಅಷ್ಟು ಹಳಬರ ಚರ್ಚು ಇಷ್ಟು ಹೊಸದು ಹೇಗೆ ಅಂತ ಕೇಳೋಣ ಅಂದುಕೊಂಡೆ, ನಾಚಿಕೆಯಾಯಿತು. ಹೋಗುವಾಗ ಒಂದು ಗೊಂದಲ ಇತ್ತು, ಬರುವಾಗ ಮೂರಾಗಿತ್ತು.

ಕೊನೆಗೆ ತಿಳಿದಷ್ಟು ಮಾಡುವುದು ಅಂತ ಗಟ್ಟಿಮನಸ್ಸು ಮಾಡಿ ಕೂತೆ. ಗೋಡೆಗಳನ್ನು ಗರಗಸದಲ್ಲಿ ಕೊಯ್ದು, ಅರ ಹಾಕಿ, ಮರಳುಕಾಗದ ಉಜ್ಜಿ ಮೂಲೆ ತಂದೆ. ಶಿಖರ ಮಾತ್ರ ಲೇತ್ ಮೇಲೆ ಕಡೆದು, ಆಮೇಲೆ ಉಳಿಯಿಂದ ಪಟ್ಟೆ ಎಬ್ಬಿಸಿದೆ. ಎರಡು ಸಲ ಒಡೆಯಿತು. ಮೂರನೆಯ ಸಲ ಒಳಗನ್ನು ಟೊಳ್ಳು ಮಾಡಿಕೊಂಡ ಮೇಲೆ ಮರ ಮಾತು ಕೇಳಿತು.

ಬಣ್ಣದ ಪಾಡು ಇನ್ನೊಂದು. ನಮ್ಮ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದರೆ ಆ ಬಿಸಿಗೆ ಕರಗಿ ಬಣ್ಣ ಕೂರುತ್ತದೆ. ನಿಂತ ಮರಕ್ಕೆ ಅರಗು ಹತ್ತುವುದಿಲ್ಲ. ಹಾಗಾಗಿ ಶಿಖರದ ಕೆಳಗಿನ ದುಂಡು ಕುತ್ತಿಗೆಗೆ ಮಾತ್ರ ಬಣ್ಣ, ಗೋಡೆಗಳು ಬರಿಮರ. ಯಾವ ಬಣ್ಣ? ಅಪ್ಪ ಕೆಂಪು ಹಚ್ಚು, ಲಕ್ಷಣವಾಗಿರ್ತದೆ ಅಂದ. ಚರ್ಚಿಗೆ ಕುಂಕುಮ ಇಡಕಾಯ್ತದಾ ಅಂತ ನಾನು ಜಗಳ ಆಡಿದೆ. ಬಿಳಿ ಅರಗಿಗೆ ಒಸಿ ಹಳದಿ ನಾದಿ ನಾದಿ, ಕೊನೆಗೆ ಹುರಿಗಡಲೆ ಹಿಟ್ಟಿನ ಬಣ್ಣ ತಂದೆ. ಫೋಟೋದ ಕಲ್ಲು ಅದೇ ಬಣ್ಣದ್ದು. ಹಚ್ಚಿದ ಮೇಲೆ ತಾಳೆಗರಿಯಿಂದ ತೀಡಿದಾಗ ಬಂದ ಹೊಳಪು ನೋಡಿ ನನಗೇ ದಿಗಿಲಾಯಿತು. ಮುದುಕಿಗೆ ಕಣ್ಣಿಲ್ಲ, ಬಣ್ಣಕ್ಕೆ ಇಷ್ಟು ಬಡಿದಾಡಿದ್ದು ಯಾಕೆ ಅಂತ ಆಗ ಹೊಳೆದು ನಗು ಬಂತು.

ಕೈಗೆ ಹೇಗೆ ಸಿಗುತ್ತದೆ ಅಂತ ನೋಡಬೇಕಿತ್ತು. ಅಪ್ಪನ ಕಣ್ಣಿಗೆ ಟವೆಲ್ ಕಟ್ಟಿ ಮುಂದೆ ಇಟ್ಟೆ. "ಏನಂತ ಹೇಳು." ಅಪ್ಪ ನಡುಗುವ ಬೆರಳಲ್ಲಿ ಗೋಡೆ ಹಿಡಿದು ಮೇಲೆ ಹತ್ತಿದ, ಇಳಿದ, ಬಾಗಿಲಿನ ಕಮಾನು ಹುಡುಕಿದ, ರಾಜನ ಗುಡಿ, ರಾಣಿಯ ಗುಡಿ ಎಣಿಸಿದ, ಶಿಖರದ ಪಟ್ಟೆ ಒಂದೊಂದನ್ನೂ ಹೆಬ್ಬೆರಳಿಂದ ತೀಡಿದ. ಹೇಳಪ್ಪ, ಹೇಳಪ್ಪ ಅಂತ ಪೀಡಿಸಿದ ಮೇಲೆ ಟವೆಲ್ ಬಿಚ್ಚಿ, "ಹ್ಞೂ, ಇರ್ಲಿ" ಅಂದು ಎದ್ದುಹೋದ. ನನಗೆ ಅಳು ಬರುವಷ್ಟು ಸಿಟ್ಟು ಬಂತು.

ಮಾರನೆಯ ದಿನ ಒಳ್ಳೆಯ ಪೆಟ್ಟಿಗೆ, ಥರ್ಮಾಕೋಲು ತರಲು ರಾಮನಗರಕ್ಕೆ ಹೋದೆ. ಶಿಖರವನ್ನು ಅಂಟಿಸುವುದೊಂದೇ ಬಾಕಿ ಇತ್ತು. ಬಂದು ನೋಡಿದರೆ ಅಪ್ಪ ಅಂಟಿಸಿ, ದಾರ ಸುತ್ತಿ ಒಣಗಲು ಇಟ್ಟಿದ್ದ. ಅಬ್ಬಾ, ಒಂದು ಕೆಲಸವಾದರೂ ಒಳ್ಳೆಯ ಮನಸ್ಸಿನಿಂದ ಮಾಡಿದನಲ್ಲ ಅಂತ ಖುಷಿಯಾಗಿ ಬಿಸಿಬಿಸಿ ಮುದ್ದೆ, ಉಪ್ಪುಸಾರು ಮಾಡಿ ಬಡಿಸಿದೆ.

ಅಂಟು ಒಣಗಲಿ ಅಂತ ಎರಡು ದಿನ ಅದನ್ನು ಮುಟ್ಟಲಿಲ್ಲ, ಅಷ್ಟರಲ್ಲಿ ಸಾಹೇಬರು ಬಂದರು. ನೋಡಿ, "ಪರವಾಗಿಲ್ವೇ!" ಅಂತ ಕಣ್ಣರಳಿಸಿದರು. ಎರಡೂ ಕೈಯಲ್ಲಿ ಹಿಡಿದು ಎತ್ತಿದರು. ಗಲಗಲ ಅಂತ ಶಬ್ದ ಬಂತು. ಇಳಿಸಿದರು, ಮತ್ತೆ ಎತ್ತಿದರು. ಗಲಗಲ. ಶಿಖರದೊಳಗೆ ಏನೋ ಕಾಳು ಹಾಕಿ ಮುಚ್ಚಿದ ಹಾಗಿತ್ತು.

"ಏನಮ್ಮ ಇದು? ದೇವರ ಮನೆ ಮಾಡಿ ಅಂದ್ರೆ ಗಿಲಕಿ ಮಾಡಿ ಇಟ್ಟಿದ್ದೀರಾ?"

ನಾನು ಅಪ್ಪನ ಮುಖ ನೋಡಿದೆ. ಅಪ್ಪ ತಲೆ ಕೆರೆದುಕೊಂಡ. "ಕೈ ಅಭ್ಯಾಸ ಸ್ವಾಮಿ. ಮರ್ತು ಹಾಕ್ಬುಟ್ಟೆ." ಅದು ನಂಬುವ ಮಾತೇ. ಟೊಳ್ಳು ಗೊಂಬೆಯನ್ನು ಬರಿಹೊಟ್ಟೆಯಲ್ಲಿ ಮಗುವಿನ ಕೈಗೆ ಕೊಡಬಾರದು ಅಂತ ನಮ್ಮ ಮನೆಯಲ್ಲಿ ತಾತನ ಕಾಲದಿಂದ ಪದ್ಧತಿ. ಮುಚ್ಚುವ ಮುಂಚೆ ಒಂದು ಚಿಟಿಕೆ ಹುರುಳಿಕಾಳು ಹಾಕುತ್ತೇವೆ. ಎಣಿಸುವುದೂ ಇಲ್ಲ, ಯೋಚಿಸುವುದೂ ಇಲ್ಲ. ಕೈ ತಾನಾಗಿ ಡಬ್ಬಿಗೆ ಹೋಗುತ್ತದೆ.

ಬಿಚ್ಚಿದರೆ ಶಿಖರ ಸೀಳುತ್ತದೆ, ಹೊಸದು ಮಾಡಲು ದಿನವಿಲ್ಲ. ಸಾಹೇಬರು ಮುಖ ಗಂಟಿಕ್ಕಿ ಅದನ್ನೇ ಪೆಟ್ಟಿಗೆಗೆ ಹಾಕಿಸಿದರು. "ನಾನೇ ಏನೋ ಸಮಾಧಾನ ಹೇಳ್ತೀನಿ. ಇಂಥ ಕೆಲಸ ಇನ್ಮೇಲೆ ನಿಮಗೆ ಕೊಡಲ್ಲ" ಅಂದು ಹೊರಟುಹೋದರು. ಅವರ ಕಾರು ತಿರುವು ದಾಟುವ ಮೊದಲೇ ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ನಿನ್ನ ಕೈ ಸೇದಿಹೋಗ ಅಂತಲೂ ಅಂದೆ, ಹೆತ್ತ ಅಪ್ಪನಿಗೆ. ಅಪ್ಪ, "ಒಪ್ಪಂದ ಒಪ್ಪಂದವೇ" ಅಂತಷ್ಟೇ ಅಂದ.

ಒಂದನೇ ತಾರೀಖು ಬಸ್ ಹತ್ತಿದೆ. ಉದ್ದನೆಯ ಶೆಡ್ಡಿನಲ್ಲಿ ಸಾಲುಸಾಲು ಹೊಲಿಗೆ ಮೆಷಿನ್. ನನಗೆ ಕೊಟ್ಟದ್ದು ಅಂಗಿಯ ಎಡಗೈ ಪಟ್ಟಿ. ಬಲಗೈ ಪಟ್ಟಿ ಇನ್ನೊಬ್ಬಳದು. ನಾನು ಹೊಲಿದ ಪಟ್ಟಿ ಯಾವ ಅಂಗಿಗೆ ಸೇರಿತು, ಆ ಅಂಗಿ ಯಾರ ಮೈಗೆ ಹೋಯಿತು, ಒಂದೂ ಗೊತ್ತಾಗುತ್ತಿರಲಿಲ್ಲ. ಕೆಲಸ ಕಷ್ಟವೇನಲ್ಲ. ಸುಳ್ಳು ಯಾಕೆ ಹೇಳಲಿ, ಜೊತೆಯ ಹುಡುಗಿಯರ ಕೂಡ ನಗುನಗುತ್ತಾ ಊಟ ಮಾಡಿದ್ದೂ ಇದೆ. ಆದರೆ ಬಟ್ಟೆ ಮುಟ್ಟಿದಾಗೆಲ್ಲ ಆ ಶಿಖರದ ಪಟ್ಟೆ ಬೆರಳಿಗೆ ಸಿಕ್ಕಿದ ಹಾಗಾಗುತ್ತಿತ್ತು. ಮುದುಕಿ ಅದನ್ನು ಮುಟ್ಟಿದಳೋ, ಮೂಲೆಗೆ ಎಸೆದಳೋ? ದೇವರನ್ನು ಆಟಿಕೆ ಮಾಡಿದರು ಅಂತ ನೊಂದುಕೊಂಡಳೋ? ಅದನ್ನೇ ಯೋಚಿಸಿ ಯೋಚಿಸಿ ಎಷ್ಟೋ ಪಟ್ಟಿ ಸೊಟ್ಟಗೆ ಹೊಲಿದು ಬೈಸಿಕೊಂಡೆ.

ಆರು ತಿಂಗಳಾಗಿರಬೇಕು. ಒಂದು ಭಾನುವಾರ ಸಾಹೇಬರು ಮತ್ತೆ ಬಂದರು. ಕೈಯಲ್ಲಿ ಒಂದು ಕಾಗದ. ಜಗಲಿ ಮೇಲೆ ಕೂತು ಅದನ್ನು ಕನ್ನಡದಲ್ಲಿ ಬಿಡಿಸಿ ಬಿಡಿಸಿ ಹೇಳಿದರು. ಮಗಳು ಪೆಟ್ಟಿಗೆಯಿಂದ ಚರ್ಚನ್ನು ತೆಗೆದು ತಾಯಿಯ ಮಡಿಲಲ್ಲಿ ಇಟ್ಟಳಂತೆ. ಮುದುಕಿ ಗೋಡೆಯೆಲ್ಲ ಸವರಿ ಎತ್ತಿಕೊಂಡಾಗ ಗಲಗಲ ಅಂದಿತಂತೆ. ಅವರ ಚರ್ಚುಗಳಲ್ಲಿ ಉದ್ದನೆಯ ಕೋಲಿನ ತುದಿಗೆ ದುಂಡು ತಗಡು, ಅದರ ಅಂಚಿಗೆ ಸಣ್ಣ ಗೆಜ್ಜೆ ಕಟ್ಟಿ ಪೂಜೆಯ ಹೊತ್ತಿನಲ್ಲಿ ಅಲ್ಲಾಡಿಸುತ್ತಾರಂತೆ. ಊರಿನ ಚರ್ಚಿಗೆ ಬೀಗ ಬೀಳುವ ಮುಂಚೆ, ಅಜ್ಜಿಯ ಸೊಂಟದ ಮೇಲೆ ಕೂತು ಆ ಶಬ್ದ ಕೇಳಿದ್ದಳಂತೆ ಮುದುಕಿ. ಈಗ ದಿನಾ ಬೆಳಗ್ಗೆ ಅದನ್ನು ಅಲ್ಲಾಡಿಸಿ ಪ್ರಾರ್ಥನೆ ಮಾಡುತ್ತಾಳಂತೆ. ಅವರ ಪೈಕಿಯ ಇನ್ನೂ ಆರು ಮನೆಯವರಿಗೆ ಅಂಥದ್ದೇ ಬೇಕು, ಒಳಗಿನ ಶಬ್ದ ಒಂದಿಷ್ಟೂ ಬದಲಾಗಬಾರದು.

"ನೀವು ಅದನ್ನೆಲ್ಲ ತಿಳಿದೇ ಹಾಕಿದ್ರಾ?" ಸಾಹೇಬರಿಗೂ ತಲೆಬುಡ ಅರ್ಥವಾಗಿರಲಿಲ್ಲ. "ಒಳಗೆ ಹಾಕಿದ್ದು ಏನು?"

"ಹುರುಳಿಕಾಳು" ಅಂದೆ ನಾನು.

"ಹುರುಳಿ ಅಲ್ಲ" ಅಂದ ಅಪ್ಪ. ನೆಲ ನೋಡುತ್ತಾ ಅಂದ. "ಹುಣಸೆ ಬೀಜ. ಹನ್ನೊಂದು."

ಸಾಹೇಬರು ಬರೆದುಕೊಂಡು ಹೋದರು. ನಾನು ಕೂತಲ್ಲೇ ಕೂತೆ. ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಕಾಳು ಎಣಿಸಿದವರಲ್ಲ. ಹುಣಸೆ ಬೀಜ ಹಾಕಿದವರೂ ಅಲ್ಲ.

"ಬೇಕಂತಲೇ ಹಾಕ್ದಾ?"

ಅಪ್ಪ ಕೆಮ್ಮಲು ಶುರುಮಾಡಿದ. ಆ ವರ್ಷ ಅವನ ಕೆಮ್ಮು ಜಾಸ್ತಿಯಾಗಿ, ಮೆಟ್ಟಿಲು ಹತ್ತಿದರೆ ಕೂತು ಸುಧಾರಿಸಿಕೊಳ್ಳಬೇಕಾಗಿತ್ತು. ಉಸಿರು ಹತೋಟಿಗೆ ಬಂದ ಮೇಲೆ ಅಂದ: "ಹ್ಞೂ. ಜೋರಾಗಿ ಸದ್ದು ಬರ್ಲಿ ಅಂತ್ಲೇ ದೊಡ್ಡ ಬೀಜ ಆರ್ಸಿ ಹಾಕ್ದೆ. ನಲವತ್ತು ವರ್ಸ ಮರದ ಧೂಳು ಕುಡ್ದಿವ್ನಿ. ಡಾಕ್ಟ್ರು ಎದೆ ಫೋಟೋ ತೋರ್ಸಿದ್ರು, ನಿಂಗೆ ಹೇಳ್ನಿಲ್ಲ. ನನ್ನ ಎದೆ ಹೋಯ್ತು, ನಿಂದಾದ್ರೂ ಉಳೀಲಿ ಅಂತ. ಬ್ಯಾಡ ಅಂದ್ರೆ ನೀನು ಕೇಳೋ ಪೈಕಿಯಾ?"

ನನಗೆ ಸಿಟ್ಟು, ಸಂಕಟ, ಯಾವುದು ಮೊದಲು ಬಂತೋ ತಿಳಿಯಲಿಲ್ಲ. ಆರು ತಿಂಗಳು ಎಡಗೈ ಪಟ್ಟಿ ಹೊಲಿದಿದ್ದೆ. ಆರು ತಿಂಗಳು ನನ್ನ ಕೆಲಸವನ್ನು ನಾನೇ ಹಳಿದುಕೊಂಡಿದ್ದೆ. ಅಪ್ಪನ ಎದೆ ಹೀಗಾಗಿದೆ ಅಂತ ಗೊತ್ತಿಲ್ಲದೆ ಕೈ ಸೇದಿಹೋಗ ಅಂದಿದ್ದೆ. ಏನು ಕೇಳಬೇಕು ಅಂತ ತೋಚದೆ, ಕೇಳಬಾರದ್ದನ್ನೇ ಕೇಳಿದೆ.

"ಅಲ್ಲಪ್ಪ, ನಾನು ಮಾಡಿದ್ದು ನಿಂಗೆ ಯಾವತ್ತೂ ಹಿಡಿಸ್ನಿಲ್ಲ. ಸುಮ್ನೆ ಬುಟ್ಟಿದ್ರೆ ತಾನಾಗೇ ಫೇಲ್ ಆಯ್ತಿತ್ತಲ್ಲ. ಕಷ್ಟಪಟ್ಟು ಬೀಜ ಯಾಕೆ ಆರ್ಸಕ್ಕೋದೆ?"

ಅಪ್ಪ ನನ್ನ ಮುಖವನ್ನು, ಇವಳೆಂಥ ದಡ್ಡಿ ಅನ್ನುವ ಹಾಗೆ ನೋಡಿದ.

"ಫೇಲ್ ಎಲ್ಲಿ ಆಯ್ತಿತ್ತವ್ವ? ಕಣ್ಣು ಕಟ್ಕೊಂಡು ಮುಟ್ದಾಗ್ಲೇ ನನ್ನ ಜೀವ ಝಲ್ಲಂತು. ನಲವತ್ತು ವರ್ಸದಲ್ಲಿ ಅಂಥ ಕೆಲ್ಸ ನಾನು ಮಾಡ್ನಿಲ್ಲ, ಈ ಬೀದೀಲಿ ಯಾರೂ ಮಾಡ್ನಿಲ್ಲ. ಪಾಸಾಗೇ ಆಯ್ತದೆ ಅಂತ ಗೊತ್ತಾಗೋಯ್ತು. ಅದ್ಕೇ ಹಾಕ್ದೆ."